ಬಲಗಡೆಯ ಮಡಗಾರ್ಡು

ಶೇವಂತೆವ್ವ ಕೈಯಾರೆ ಬಡಿದು ಮಾಡಿದ ಎರಡು ಮಡಗಾರ್ಡುಗಳನ್ನು ಉಳವಪ್ಪ ಮುಂಬಯಿಯಿಂದ ತರಿಸಿದ ಮಾಲು ಎಂದು ಸಾಹುಕಾರರಿಗೆ ಹೇಳಿದ.

ಅದು ಅವಳಿಗೆ ಗೊತ್ತಾದದ್ದು ಕಾಸಿಮಸಾಬನಿಂದ. ಹುಬ್ಬಳ್ಳಿಯ ಸ್ಟೇಶನ್ ರೋಡಿನಲ್ಲಿದ್ದ ಗ್ಯಾರೇಜಿನ ಮಾಲೀಕ ಅವನು. ಕಾರುಗಳಿಗೆ ಬಣ್ಣ ಹೊಡೆಯುವವನೂ ಅವನೇ. ಸೋರುತ್ತಿದ್ದ ಬಣ್ಣದ ಡಬ್ಬಿಗೆ ಬೆಸುಗೆ ಹಾಕಿಸಲು ಗಿರಣಿ ಚಾಳಿನ ಅವಳ ಮನೆಗೆ ಬಂದಿದ್ದ.

"ಡಬ್ಬಿ, ಟ್ರಂಕು ನೀವು ಛಲೋ ಮಾಡ್ತೀರಿ, ತಂಗಿ. ಆದ್ರ ಆ ಮುಂಬಯಿ ಮಂದಿ ಕೈ ನೋಡಬೇಕು ನೀ. ಸಾಹುಕಾರ್ರ ಹಳೇ ಕಾರಿಗೆ ಹಿಂದಿನ ಮಡಗಾರ್ಡು ಬಂದಾವ. ನಮ್ಮ ಉಳವಪ್ಪ ಸ್ಟೇಶನ್ನಿನಾಗ ಬಿಡಿಸಿಕೊಂಡು ಬಂದ. ಗೋಣಿತಟ್ಟಿನಾಗ ಸುತ್ತಿ ಹೊಲದು ಕಳಿಸಿದ್ರು. ಏನ್ ಹೊಲಿಗಿ ಅದು..."

ಆ ಗೋಣಿತಟ್ಟು ಹೊಲಿದವಳೂ ಶೇವಂತಿಯೇ.

ಹಾದಿಯಲ್ಲಿ ಗೀರು ಬೀಳಬಾರದು, ಸುತ್ತಿ ಹೊಲಿದುಕೊಡು ಎಂದಿದ್ದ ಉಳವಪ್ಪ. ದಬ್ಬಳ ಹಿಡಿದು ಕೂತು ಹೊಲಿದಿದ್ದಳು... ತನ್ನನ್ನು ತಾನೇ ಒಳಗಿಟ್ಟು ಹೊಲಿಯುತ್ತಿದ್ದೇನೆಂದು ತಿಳಿಯದೆ!

ಡಬ್ಬಿಗೆ ಬೆಸುಗೆ ಹಾಕಿಕೊಟ್ಟಳು. ಕಾಸಿಮಸಾಬ ಹೋದ ಮೇಲೆ ಒಲೆಯ ಕೆಂಡ ಆರುವವರೆಗೂ ಅಲ್ಲಿಂದ ಏಳಲಿಲ್ಲ.

'ನನ್ನ ಹೆಸರು ಹೇಳಾಕ ನಾಚಿಕಿ ಬಂತೇನು ಅವಗ?'

*

ಅರವತ್ತನಾಲ್ಕನೆಯ ಇಸವಿ ಅದು. ಪರದೇಶದ ಕಾರಿನ ಸಾಮಾನು ಸಿಗುವುದು ದುಸ್ತರವಾಗಿತ್ತು. ಅರಳೆ ವ್ಯಾಪಾರದ ಸಾಹುಕಾರರಿಗೋ ತಂದೆಯ ಕಾಲದ ಕಾರನ್ನು ಹೊಸದರಂತೆ ಮಾಡಿಸಿ, ಅದರಲ್ಲೇ ಮಗಳ ಮದುವೆಯ ಮೆರವಣಿಗೆ ಹೊರಡಿಸುವ ಹಟ.

ಆ ಕಾರಿನ ತುಕ್ಕು ತಿಂದ ಮಡಗಾರ್ಡನ್ನು ಹೆಗಲ ಮೇಲೆ ಹೊತ್ತುಕೊಂಡು ಉಳವಪ್ಪ ಮೊದಲ ಸಲ ಚಾಳಿಗೆ ಬಂದಿದ್ದ. ಅವನು ಕಾಸಿಮಸಾಬನ ಗ್ಯಾರೇಜಿನ ಫಿಟ್ಟರ್. ತಗಡಿನ ಪತ್ರಾ ಬಡಿಯುವುದರಲ್ಲಿ ಹೆಸರುವಾಸಿಯಾದ ಮೈಲಾರಪ್ಪನನ್ನು ಹುಡುಕಿಕೊಂಡು ಬಂದಿದ್ದ. ಬಾಗಿಲಲ್ಲಿ ಸಿಕ್ಕವಳು ಮೈಲಾರಪ್ಪನ ಮಗಳು.

ಅಪ್ಪನ ಕೈಗಳು ನಡುಗುತ್ತವೆ, ಈಗ ಬಡಿಯುವುದಿಲ್ಲ ಎಂದಳು. ಹಾಗಾದರೆ ಬಡಿಯುವವರು ಯಾರು ಎಂದು ಅವನು ಅವಳ ಹಿಂದೆ ಇಣುಕಿದ.

"ನನ್ನ ಕೈಯಾಗ ಇರೂದು ಲಟ್ಟಣಿಗಿ ಅಲ್ರಿ," ಎಂದಳು ಸುತ್ತಿಗೆ ಎತ್ತಿ ತೋರಿಸಿ.

ಅವನು ನಕ್ಕುಬಿಟ್ಟ. ಹೆಗಲ ಭಾರ ಇಳಿಸಿ ಕುಡಿಯಲು ನೀರು ಕೇಳಿದ.

ಶೇವಂತಿ ಕಕ್ಕಾಬಿಕ್ಕಿಯಾದಳು. ಗೋಡೆಯ ಮೇಲೆ ಬುದ್ಧನ ಪಟವಿತ್ತು. ಬೌದ್ಧ ದೀಕ್ಷೆ ತೆಗೆದುಕೊಂಡು ಏಳು ವರ್ಷವಾಗಿದ್ದರೂ ಊರು ಅವರನ್ನು ಹಳೆಯ ಜಾತಿಯ ಹೆಸರಿನಿಂದಲೇ ಕರೆಯುತ್ತಿತ್ತು. ಅವಳ ಅಪ್ಪನಿಗೆ ಚಹಾದಂಗಡಿಯಲ್ಲಿ ಇಂದಿಗೂ ಬೇರೆ ಬಟ್ಟಲು. ಈ ಹುಡುಗನ ಹಣೆಯ ಮೇಲೆ ವಿಭೂತಿ... ಆದರೂ ಅವಳ ಕೈಯಿಂದ ತಂಬಿಗೆ ಇಸಿದುಕೊಂಡು ಗಟಗಟ ಕುಡಿದ.

ಅವಳ ಮನಸ್ಸು ಸೋತದ್ದು ಅಲ್ಲೇ.

ಅವನು ಮತ್ತೆ ಮತ್ತೆ ಬಂದ. ಹಳೆಯ ಮಡಗಾರ್ಡು ಮುಟ್ಟಿದರೆ ಉದುರುವಂತಿತ್ತು. ಅಳತೆಗೆಂದು ಕಾರಿನ ಮೈಮೇಲೆ ವರ್ತಮಾನಪತ್ರಿಕೆ ಹಾಸಿ, ಅಂಚು ಗುರುತಿಸಿ ಕತ್ತರಿಸಿ ತಂದುಕೊಟ್ಟ. ಕಾರನ್ನೇ ಒಮ್ಮೆ ನೋಡುತ್ತೇನೆ ಎಂದು ಅವಳೆಂದರೆ ಇವತ್ತು ಬೇಡ, ನಾಳೆ ನೋಡೋಣ ಎನ್ನುತ್ತಿದ್ದ. ನಾನು ಮಾಡುವುದು ಸಾಹುಕಾರರಿಗೆ ಗೊತ್ತೇನು ಎಂದು ಕೇಳಿದ್ದಳು.

"ಹೇಳೇನಿ. ಯಾರ ಕೈ ಆದ್ರೇನು, ಕೆಲಸ ಛಲೋ ಆಗಲಿ ಅಂದ್ರು."

ಆ ಮಾತನ್ನು ಅವಳು ಅಪ್ಪನ ಮುಂದೆ ಹೇಳಿದಾಗ ಮುದುಕ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡಿದ್ದ. ಕಾಲ ಬದಲಾಯಿತು ಎಂದಿದ್ದ.

ಇನ್ನೊಂದು ಮಾತನ್ನೂ ಉಳವಪ್ಪ ಕೊಟ್ಟಿದ್ದ. ಕಾರು ಗ್ಯಾರೇಜಿನಿಂದ ಹೊರಬಿದ್ದ ದಿನ ತನ್ನ ಅವ್ವ ಹೊಳೆವ್ವನಿಗೆ ಶೇವಂತಿಯ ಹೆಸರು ಹೇಳುತ್ತೇನೆ, ಲಗ್ನವಾದರೆ ನಿನ್ನನ್ನೇ ಆಗುತ್ತೇನೆ ಎಂದು.

ಸಾಹುಕಾರನ ಮುಂದೆ ಹೇಳಲಾರದ ಹೆಸರನ್ನು ಹಡೆದವ್ವನ ಮುಂದೆ ಹೇಳುವನೇ?

*

ಮರುದಿನ ಸಂಜೆ ಉಳವಪ್ಪ ತಾನಾಗಿಯೇ ಬಂದ. ಮುಖ ಬಾಡಿತ್ತು. ಬಂದವನೇ ಮಡಗಾರ್ಡಿನ ಸುದ್ದಿ ತೆಗೆದ. ಎಡಗಡೆಯದು ಹೂವು ಇಟ್ಟಹಾಗೆ ಕೂತಿದೆ, ಬಲಗಡೆಯದು ಕೂಡುತ್ತಿಲ್ಲ. ಬೋಲ್ಟು ಬಿಗಿದರೂ ಕಾರಿನ ಮೈಗೂ ಪತ್ರಾಕ್ಕೂ ನಡುವೆ ಬೆರಳು ತೂರುವಷ್ಟು ಸಂದಿ. ಸಾಹುಕಾರರು ಕೂಗಾಡುತ್ತಿದ್ದಾರೆ.

"ಮುಂಬಯಿಗೆ ಹೊಳ್ಳಿ ಕಳಿಸ್ರಿ ಮತ್ತ," ಎಂದಳು ಶೇವಂತಿ.

ಆ ಮುಂಬಯಿಗಿಂತಲೂ, ಅವಳು ಎಂದೋ ಬಿಟ್ಟು ಈಗ ಮತ್ತೆ ಹಚ್ಚಿದ 'ರಿ' ಅವನಿಗೆ ಹೆಚ್ಚು ಚುಚ್ಚಿತು.

"ಶೇವಂತಿ... ಖರೇ ಹೇಳಿದ್ರ ಸಾಹುಕಾರ್ರು ನಿನ್ನ ಕೆಲಸ ಕಾರಿಗೆ ಹಚ್ಚಾಕ ಬಿಡ್ತಿರಲಿಲ್ಲ. ನಿನ್ನ ಕೆಲಸ ನಿಲ್ಲಲಿ ಅಂತನ ಸುಳ್ಳ ಹೇಳಿದೆ."

"ನನಗ ಯಾಕ ಸುಳ್ಳ ಹೇಳಿದ್ರಿ?"

ಅವನು ನೆಲದ ಮೇಲೆ ಬಿದ್ದಿದ್ದ ಪತ್ರಾದ ಚೂರೊಂದನ್ನು ಹೆಕ್ಕಿಕೊಂಡ.

"ಅಪ್ಪನ ಕಣ್ಣಾಗ ನೀರು ತರಿಸಿದ್ರಿ. ಕಾಲ ಬದಲಾತು ಅಂತ ಮುದುಕ ಚಾಳ ತುಂಬ ಹೇಳಿಕೊಂಡು ಬಂದಾನ. ಯಾರೂ ನೋಡದ ಮನ್ಯಾಗ ನೀರು ಕುಡದದ್ದು ದೊಡ್ಡಸ್ತಿಕಿ ಅಂದುಕೊಂಡಿದ್ದೆ ನಾನು."

ಉಳವಪ್ಪ ತಲೆ ತಗ್ಗಿಸಿದ. ಒಳಗಿನಿಂದ ಮೈಲಾರಪ್ಪನ ಕೆಮ್ಮು ಕೇಳಿಸಿತು. ಎಲ್ಲವೂ ಕೇಳಿಸಿದೆ ಎಂಬಂಥ ಕೆಮ್ಮು.

ಬಲಗಡೆಯ ಅಳತೆಯನ್ನು ಹೇಗೆ ತೆಗೆದಿರಿ ಎಂದು ಅವಳು ಕೇಳಿದಳು. ಅವನು ಬಾಯಿಬಿಟ್ಟ. ತೆಗೆದೇ ಇರಲಿಲ್ಲ! ಮುಂಬಯಿಯಿಂದ ಮಾಲು ಬರುತ್ತದೆ ಎಂದವನು ಕಾರಿನ ಮೇಲೆ ಕಾಗದ ಹಾಸುವುದನ್ನು ಯಾರಾದರೂ ಕಂಡರೆ? ಹೀಗಾಗಿ ಕಾಸಿಮಸಾಬ ನಮಾಜಿಗೆ ಹೋದಾಗ ಕದ್ದು ಎಡಗಡೆಯದನ್ನಷ್ಟೇ ತೆಗೆದಿದ್ದ. ಅದನ್ನೇ ಮಗುಚಿ ಇನ್ನೊಂದು ಕಾಗದ ಕತ್ತರಿಸಿ, ಬಲಗಡೆಯದು ಎಂದು ಅವಳಿಗೆ ಕೊಟ್ಟಿದ್ದ. ಆದರೆ ಒಳಗಿನ ಕಟ್ಟಿಗೆಯ ಚೌಕಟ್ಟು ಬಲಕ್ಕೆ ಜಗ್ಗಿತ್ತು. ಸಾಹುಕಾರರ ತಂದೆ ಭಾರೀ ಆಳು. ಬದುಕಿರುವವರೆಗೂ ಬಲಗಡೆಗೇ ಒರಗಿ ಕೂತು ಮೆರೆದವರು.

"ಇಲ್ಲೇ ತರ್ತೇನಿ. ಒಂದೀಟು ಬಡದುಕೊಡು."

"ಇಲ್ಲೆ ಬಡದ್ರ ಅಲ್ಲಿ ಕೂಡೂದಿಲ್ಲ. ಕಾರಿನ ಮ್ಯಾಲ ಇಟ್ಟ ಬಡೀಬೇಕು."

ಹಾಗಾದರೆ ನಾಳೆ ಸಾಹುಕಾರರು ಮನೆಗೆ ಹೋದ ಮೇಲೆ ಹಿತ್ತಲ ಬಾಗಿಲಿನಿಂದ ಬಾ ಎಂದ.

ಆ ಮಾತು ಬಾಯಿಂದ ಹೊರಬಿದ್ದ ಮೇಲೆ ಉಳವಪ್ಪನಿಗೇ ಅದು ಕೇಳಿಸಿತು. ಶೇವಂತಿ ಸುತ್ತಿಗೆಯನ್ನು ನೆಲಕ್ಕಿಟ್ಟಳು.

"ಹಗಲ ಬರ್ತೇನಿ. ಮುಂದಿನ ಬಾಗಲದಾಗಿಂದ. ಆಗೂದಿಲ್ಲಂದ್ರ ಈ ಮನಿ ಹಾದಿ ಮರತುಬಿಡ್ರಿ."

ಅವನು ಹೊರಟುಹೋದ. ಅವಳು ಅರ್ಧ ಮಾಡಿದ ಟ್ರಂಕಿನ ಮೇಲೆ ತಲೆಯಿಟ್ಟು ಅತ್ತಳು. ಅಪ್ಪ ಬಂದು ನಡುಗುವ ಕೈಯನ್ನು ಅವಳ ನೆತ್ತಿಯ ಮೇಲಿಟ್ಟ.

*

ಮೂರು ದಿನ ಅವನ ಸುದ್ದಿಯಿರಲಿಲ್ಲ. ನಾಲ್ಕನೆಯ ದಿನ, ಚಾಳಿನ ಹೆಂಗಸರೆಲ್ಲ ನಳದ ಮುಂದೆ ಕೊಡ ಹಿಡಿದು ನಿಂತಿದ್ದ ಹೊತ್ತಿಗೆ ಉಳವಪ್ಪ ಅವರ ನಡುವೆಯೇ ಹಾದುಬಂದು ಅವಳ ಬಾಗಿಲಲ್ಲಿ ನಿಂತ.

"ಬಾ. ಸಾಹುಕಾರ್ರು ಅಲ್ಲೇ ಕುಂತಾರ."

"ಹೇಳೀರೇನು?"

"ಇಲ್ಲ. ನಿನ್ನ ಬೆನ್ನ ಹಿಂದ ಹೇಳಿ ಬಂದ್ರ ನೀ ನಂಬೂದಿಲ್ಲ. ನಿನ್ನ ಮುಂದ ಹೇಳ್ತೇನಿ."

ನಂಬಬೇಕೋ ಬೇಡವೋ... ಅವಳು ಸುತ್ತಿಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಹೊಸ್ತಿಲು ದಾಟುವಾಗ ಸೆರಗು ಬಿಡಿಸಿ ಕೈಯಲ್ಲಿ ಹಿಡಿದಳು. ಮುಚ್ಚಿಟ್ಟುಕೊಂಡು ಹೋಗಲು ಅದೇನು ಕಳವಿನ ಮಾಲೇ?

ಗ್ಯಾರೇಜಿನ ಅಂಗಳದಲ್ಲಿ ಸಾಹುಕಾರರು ಕುರ್ಚಿಯಲ್ಲಿ ಕೂತಿದ್ದರು. ಕಾಸಿಮಸಾಬ ಬಣ್ಣ ಕಲಸುತ್ತಿದ್ದ. ಉಳವಪ್ಪ ಬಾಗಿಲ ಹತ್ತಿರವೇ ನಿಧಾನಿಸಿದ್ದನ್ನು ಶೇವಂತಿ ಕಂಡಳು. ಹಿಂದೆ ಸರಿದುಬಿಡುತ್ತಾನೆ ಎಂದೇ ಅಂದುಕೊಂಡಳು.

"ಮುಂಬಯಿ ಅಂದದ್ದು ಸುಳ್ಳ್ರಿ. ಎರಡೂ ಮಡಗಾರ್ಡು ಈಕಿ ಮಾಡ್ಯಾಳ. ಶೇವಂತೆವ್ವ, ಗಿರಣಿ ಚಾಳಿನ ಮೈಲಾರಪ್ಪನ ಮಗಳು. ಬಲಗಡೀದು ಕೂಡದ್ದಕ್ಕ ನನ್ನ ಕಳ್ಳ ಅಳತಿ ಕಾರಣ, ಆಕಿ ಕೈ ಅಲ್ಲ."

ಸಾಹುಕಾರರು ಕಾಸಿಮಸಾಬನ ಕಡೆ ನೋಡಿದರು. ನನಗೂ ಗೊತ್ತಿರಲಿಲ್ಲ ಎಂದ ಅವನು. ಗೊತ್ತಿದ್ದಿದ್ದರೆ ಆ ಹೊಲಿಗೆಯನ್ನು ಹೆಸರು ಹಿಡಿದೇ ಹೊಗಳುತ್ತಿದ್ದೆ ಎಂದ.

ಸಾಹುಕಾರರು ಕೂಗಾಡಲಿಲ್ಲ. ಕೂಗಾಡಿದ್ದರೆ ಸಹಿಸಬಹುದಿತ್ತು. ಎಲೆಗೆ ಸುಣ್ಣ ಹಚ್ಚುತ್ತ, ಅವಳತ್ತ ನೋಡದೆಯೇ ಹೇಳಿದರು: "ಆತು. ಬಡದು ಹೋಗಲಿ. ಆಮ್ಯಾಲ ನೀ ಗೋಮೂತ್ರ ಹಾಕಿ ಕಾರು ತೊಳಿ, ಉಳವಪ್ಪ. ಮಂದಿ ಮುಂದ ಮುಂಬಯಿ ಮಾಲು ಅಂತನ ಇರಲಿ."

ಅವಳ ಕಿವಿ ಉರಿಯಿತು. ಹೊರಟುಬಿಡಲೇ? ಆದರೆ ಬಲಗಡೆಯ ಆ ಸಂದಿ ಕಣ್ಣಿಗೆ ಬಿತ್ತು. ಕೆಲಸ ಅವಳದು. ಸೋತ ಕೆಲಸವನ್ನು ಹಿಂದೆ ಬಿಟ್ಟು ಹೋಗಲು ಮನಸ್ಸು ಒಪ್ಪಲಿಲ್ಲ.

ಪತ್ರಾ ಬಡಿಯುವಾಗ ಒಬ್ಬರು ಹಿಂದಿನಿಂದ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಮುಂದಿನಿಂದ ಹೊಡೆಯಬೇಕು. ಹಿಡಿಯುವುದು ಕೈಕೆಳಗಿನವರ ಕೆಲಸ. ಉಳವಪ್ಪ ಏನೂ ಹೇಳಿಸಿಕೊಳ್ಳದೆ ಗಟ್ಟಿ ತೆಗೆದುಕೊಂಡು ಕಾರಿನ ಕೆಳಗೆ ನುಸುಳಿದ. ಸಂದಿಯಿಂದ ಅವನ ಒಂದು ಕಣ್ಣಷ್ಟೇ ಕಾಣುತ್ತಿತ್ತು.

ಸುತ್ತಿಗೆ ಬೀಳತೊಡಗಿತು. ಹೊಡೆತಗಳ ನಡುವೆ, ಅವನಿಗಷ್ಟೇ ಕೇಳುವಂತೆ ಅವಳೆಂದಳು:

"ನನ್ನ ಸಿಟ್ಟು ಹೋಗಿಲ್ಲ."

"ಹೋಗೂದು ಬ್ಯಾಡ. ಇಷ್ಟು ಲಗೂ ಹೋದ್ರ ನಾ ಮತ್ತ ಹಂಗ ಮಾಡೇನು."

"ನಿಮ್ಮವ್ವಗ?"

"ನಿನ್ನೆ ಹೇಳಿದೆ. ಉಣ್ಣಾಕ ಹಾಕಲಿಲ್ಲ."

ಅವಳ ಸುತ್ತಿಗೆ ತಡೆಯಿತು. ಮೂರು ದಿನ ಅವನು ಯಾವುದಕ್ಕೆ ಧೈರ್ಯ ಕೂಡಿಸುತ್ತಿದ್ದನೆಂದು ಈಗ ತಿಳಿಯಿತು. ಕಣ್ಣು ತುಂಬಿದವು... ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

"ಇಲ್ಲಿಂದ ನಮ್ಮ ಮನಿಗೆ ನಡಿ. ರೊಟ್ಟಿ ಅದಾವ," ಎಂದಳು. "ಗಟ್ಟಿ ಒತ್ತಿ ಹಿಡಿ ನೀ."

ಪತ್ರಾ ಮೆಲ್ಲಗೆ ಮಣಿಯಿತು. ಸಂದಿ ಕೂದಲೆಳೆಯಷ್ಟಾಯಿತು, ಆಮೇಲೆ ಅದೂ ಹೋಯಿತು. ಉಳವಪ್ಪ ಪಾನಾ ತಿರುವಿ ಕೊನೆಯ ಬೋಲ್ಟು ಬಿಗಿದು ಹೊರಬಂದ.

ಅಷ್ಟರಲ್ಲಿ ಸಾಹುಕಾರರ ಆಳು ಬಕೀಟು ತಂದಿಟ್ಟಿದ್ದ. ಗಂಜಲದ ನಾತ ಅಂಗಳ ತುಂಬಿತು.

"ಹೂಂ, ತೊಳಿ," ಎಂದರು ಸಾಹುಕಾರರು.

ಶೇವಂತಿ ತಲೆ ಎತ್ತಲಿಲ್ಲ. ಈ ಒಂದು ಮಾತನ್ನು ಅವನೇ ಆಡಬೇಕಿತ್ತು.

ಉಳವಪ್ಪ ಅವಳ ಕೈಯಿಂದ ಸುತ್ತಿಗೆ ಇಸಿದುಕೊಂಡ, ದಣಿದ ಕೈಗೆ ಭಾರವಾಗದಿರಲೆಂದು. ಅವಳ ಪಕ್ಕದಲ್ಲೇ ನಿಂತ.

"ತೊಳಿಯೂದಿಲ್ರಿ."