ಬಗ್ಗದವಳೂ ಹಾಡುವ ಕಾರಂಜಿಯೂ

“ಸತ್ರೂ ಇವನ ಜೊತೆ ಟೇಪ್ ಹಿಡಿಯಲ್ಲ!”

ಪ್ರಾಗ್ ಕೋಟೆಯ ರಾಜೋದ್ಯಾನದಲ್ಲಿ ನಿಸರ್ಗ ಕನ್ನಡದಲ್ಲೇ ಸಿಡಿದಳು. ಆಸ್ಟ್ರೇಲಿಯಾದಿಂದ ಸ್ಟಡಿ ಟೂರ್‌ಗೆ ಬಂದಿದ್ದ ಹದಿನಾರು ಆರ್ಕಿಟೆಕ್ಚರ್ ವಿದ್ಯಾರ್ಥಿಗಳಲ್ಲಿ ಅದು ಅರ್ಥವಾದದ್ದು ಒಬ್ಬನಿಗೇ... ಅಳತೆಯ ಟೇಪಿನ ಇನ್ನೊಂದು ತುದಿ ಹಿಡಿದಿದ್ದ ಭರತೇಶನಿಗೆ!

ಅವಳು ಮೈಸೂರಿನಿಂದ ಪರ್ತ್‌ಗೆ ಓದಲು ಬಂದವಳು. ಅವನು ಬ್ರಿಸ್ಬೇನ್‌ನ ರನ್‌ಕಾರ್ನ್‌ನಲ್ಲೇ ಹುಟ್ಟಿ ಬೆಳೆದವನು. ನಾಲ್ಕು ತಿಂಗಳ ಹಿಂದೆ ಅಡಿಲೇಡ್‌ನ ಒಂದು ವರ್ಕ್‌ಶಾಪಿನಲ್ಲಿ ಹತ್ತು ದಿನ ಒಂದೇ ಡೆಸ್ಕು, ಒಂದೇ ನಗು. ಹನ್ನೊಂದನೇ ದಿನ ಅವನಿಂದ ಒಂದು ಮೆಸೇಜ್. ಓದಿದವಳೇ ಬ್ಲಾಕ್ ಮಾಡಿದ್ದಳು.

ಟೂರಿನುದ್ದಕ್ಕೂ ತಪ್ಪಿಸಿಕೊಂಡವಳನ್ನು ಕೊನೆಯ ದಿನ ಲೆಕ್ಚರರ್ ಅವನಿಗೇ ಜೋಡಿ ಮಾಡಿದ್ದರು. ನಾಳೆ ಅವಳು ಪರ್ತ್‌ಗೆ, ಅವನು ಬ್ರಿಸ್ಬೇನ್‌ಗೆ. ಆಮೇಲೆ ಮುಖ ನೋಡುವ ಮಾತೇ ಇಲ್ಲ!

‘ಅಳಲ್ಲ... ಇವನೆದುರು ಮಾತ್ರ ಅಳಲ್ಲ!’

ಕಂಚಿನ ಕಾರಂಜಿಯ ಬಳಿ ಭರತೇಶ ಮಂಡಿಯೂರಿದ. ನೀರು ಬಟ್ಟಲಿಗೆ ಬಿದ್ದು ಹಾಡುತ್ತದೆ, ಕೆಳಗೆ ಕಿವಿಯಿಟ್ಟರಷ್ಟೇ ಕೇಳುತ್ತದೆ ಎಂದು ಗೈಡ್ ಹೇಳಿದ್ದ.

“ಬಗ್ಗಿ ಕೇಳು, ನಿಸರ್ಗ. ಸೂಪರ್ ಆಗಿದೆ!”

“ನಾನು ಯಾರ ಮುಂದೇನೂ ಬಗ್ಗಲ್ಲ.”

“ಓಕೆ... ಬ್ಲಾಕ್ ಯಾಕೆ ಮಾಡ್ದೆ? ಅದನ್ನಾದ್ರೂ ಹೇಳು.”

“ಬೇಡ ಅಂದವನ ಹಿಂದೆ ಸುತ್ತೋಳಲ್ಲ ಕಣೋ ನಾನು!”

“ನಾನಾ? ಯಾವಾಗ ಅಂದೆ?”

ಅವಳು ಫೋನ್ ತೆಗೆದು ಅವನ ಮೂಗಿಗೇ ಹಿಡಿದಳು. ಕನ್ನಡ ಲಿಪಿ ಬಾರದ ಹುಡುಗ ಇಂಗ್ಲಿಷ್ ಅಕ್ಷರದಲ್ಲಿ ಟೈಪಿಸಿದ್ದ ಸಾಲು: “ninna jothe irala”.

“ಓದು! ನಿನ್ನ ಜೊತೆ ಇರಲ್ಲ! ಒಂದು ಎಲ್ ತಿಂದ್ಬಿಟ್ರೆ ಗೊತ್ತಾಗಲ್ವಾ ನಂಗೆ?”

ಭರತೇಶ ಮಂಡಿಯೂರಿದಲ್ಲೇ ತಲೆಯೆತ್ತಿದ.

“ಇರಲ್ಲ ಅಲ್ಲ... ಇರಲಾ! ನಿನ್ನ ಜೊತೆ ಇರಲಾ? ನಾನು ಕೇಳಿದ್ದು!”

ನಿಸರ್ಗ ಆ ಸಾಲನ್ನು ಮತ್ತೆ ಓದಿದಳು. ನಾಲ್ಕು ತಿಂಗಳು... ಒಂದು ‘ಲ’ಗೋಸ್ಕರ!

“ಕ್ವೆಶ್ಚನ್ ಮಾರ್ಕ್ ಎಲ್ಲೋ ಕತ್ತೆ?”

“ಗಡಿಬಿಡೀಲಿ ಮರ್ತೋಯ್ತು. ಇಂಗ್ಲಿಷಲ್ಲಿ ಕೇಳ್ಬೋದಿತ್ತು. ಬಟ್, ನಿಂಗೆ ಕನ್ನಡದಲ್ಲೇ ಕೇಳ್ಬೇಕು ಅನ್ಸ್ತು.”

ಈಗ ಕಣ್ಣು ಮಾತು ಕೇಳಲಿಲ್ಲ. ತುಂಬಿಯೇ ಬಿಟ್ಟಿತು! ಅದನ್ನು ಒರೆಸದೆ ಅವಳು ಬೆನ್ನು ನೆಟ್ಟಗಿಟ್ಟುಕೊಂಡೇ, ಕಾರಂಜಿಯ ಕೆಳಗೆ, ಅವನ ಪಕ್ಕ ಕುಳಿತಳು. ತಲೆಯ ಮೇಲೆ ಕಂಚು ಸಣ್ಣಗೆ ಗುನುಗುತ್ತಿತ್ತು...

“ಸೋ... ಇರಲಾ?” ಅವನು ಪಿಸುಗುಟ್ಟಿದ.

“ಇರು.”

“ಬಗ್ಗಲ್ಲ ಅಂದಿದ್ದೆ?”

“ಯಾರು ಬಗ್ಗಿದ್ದು? ಕೂತೆ, ಅಷ್ಟೆ!”