ಬ್ರೇಕ್ ಒತ್ತಿ ನಿಂತ ಗಾಡಿ

“ನಿಮ್ಮ ಗ್ಯಾರೇಜಿನ ಬಾಗಿಲು ಕಂಡ್ರೆ ಸಾಕು ಮೇಡಂ, ಸರಿಹೋಗಿಬಿಡುತ್ತೆ. ಆಣೆಗೂ ಸತ್ಯ.”

ಮೂರನೇ ಸಲ ಬಂದವನು ಹೀಗೆ ಹೇಳಿದರೆ ಯಾರಿಗೆ ರೇಗುವುದಿಲ್ಲ? ಹದಿನೆಂಟು ವರ್ಷದಿಂದ ಗೇರ್‌ಬಾಕ್ಸ್ ಬಿಚ್ಚುತ್ತಿದ್ದೇನೆ. ಆಟೋಮ್ಯಾಟಿಕ್ ಗಾಡಿ ಕೆಟ್ಟರೆ ಬೇರೆ ಗ್ಯಾರೇಜಿನವರೂ ನನ್ನ ಹತ್ತಿರವೇ ಕಳಿಸುತ್ತಾರೆ. ಅಂಥವಳು ಇವನ ಇಪ್ಪತ್ತೆರಡು ವರ್ಷದ ಹಳೇ ಕಾರನ್ನು ಎರಡು ಸಲ ಓಡಿಸಿ ನೋಡಿ, ಏನೂ ಸಿಗದೆ, ಪೆಚ್ಚುಮೋರೆ ಹಾಕಿಕೊಂಡು ಕೀಲಿ ವಾಪಸ್ ಕೊಟ್ಟಿದ್ದೆ.

“ಏನಾಗುತ್ತೆ ಅಂತ ಇನ್ನೊಂದು ಸಲ ಹೇಳಿ.”

“ಇಂಜಿನ್ ಕೂಗುತ್ತೆ, ಗಾಡಿ ಎಳೆಯಲ್ಲ. ಮೂರನೇ ಗೇರಿಗೆ ಹೋಗೋ ಹೊತ್ತಿಗೆ ಜಾರಿಬಿಡುತ್ತೆ. ಅರ್ಧ ಗಂಟೆ ಬಿಟ್ಟು ನೋಡಿದ್ರೆ ಏನೂ ಆಗೇ ಇಲ್ಲ ಅನ್ನೋ ಥರ ಓಡುತ್ತೆ.”

“ಹಲ್ಲುನೋವಿನ ಜಾತಿ ಬಿಡಿ. ಡಾಕ್ಟರ ಮೆಟ್ಟಿಲು ಹತ್ತಿದ್ರೆ ಮಾಯ,” ಎಂದರು ಫೋನಿನ ಮುಂದೆ ಕೂತಿದ್ದ ದೊಡ್ಡಮ್ಮ. ಗ್ಯಾರೇಜು ದೊಡ್ಡಪ್ಪನದು. ಅವರು ತೀರಿಕೊಂಡ ಮೇಲೆ ಇಲ್ಲಿ ಕೈ ನನ್ನದು, ಬಾಯಿ ದೊಡ್ಡಮ್ಮನದು.

ಅವನು ನಕ್ಕ. ನಗುವಾಗ ಮೊದಲು ಕೆನ್ನೆ ಏರಿ, ಕೆನ್ನೆಯ ಜೊತೆ ಕನ್ನಡಕ ಏರಿ, ಅದರ ಹಿಂದೆ ಕಣ್ಣು ಪೂರ್ತಿ ಮುಚ್ಚಿಹೋಗುತ್ತಿತ್ತು. ಮಾರ್ಕೆಟ್ಟಿನಲ್ಲಿ ಅವನದು ಕನ್ನಡಕದ ಅಂಗಡಿ. ನನ್ನ ಸಿಟ್ಟು ಅಲ್ಲೇ ಅರ್ಧ ಇಳಿಯಿತು. ಎದುರಿಗೆ ‘ನೀವು’ ಎನ್ನುತ್ತಿದ್ದರೂ ಮನಸ್ಸಿನೊಳಗೆ ಅವನನ್ನು ‘ಅವನು’ ಎನ್ನಲು ಶುರುಮಾಡಿದ್ದು ಬಹುಶಃ ಅವತ್ತೇ.

ಬಂದು ಹೋಗಿ ಮಾಡುವ ಕಾಯಿಲೆಗೆ ನನ್ನ ಹತ್ತಿರ ಒಂದೇ ಮದ್ದು. ಒಂದು ನೋಟ್‌ಬುಕ್ ಕೊಟ್ಟುಬಿಡುತ್ತೇನೆ.

“ಗಾಡಿ ಕೈಕೊಟ್ಟಾಗೆಲ್ಲ ಇದರಲ್ಲಿ ಬರೀರಿ. ಎಷ್ಟು ಗಂಟೆಗೆ, ಯಾವ ಜಾಗದಲ್ಲಿ, ಇಂಜಿನ್ ಸ್ಟಾರ್ಟ್ ಮಾಡಿ ಎಷ್ಟು ನಿಮಿಷ ಆಗಿತ್ತು. ಸುಳ್ಳು ಬರೆದ್ರೆ ನನಗೆ ಗೊತ್ತಾಗುತ್ತೆ.”

“ಪರೀಕ್ಷೆ ಬೇರೆ ಇಡ್ತೀರಾ?”

“ಫೇಲಾದ್ರೆ ಗಾಡಿ ಇಲ್ಲೇ ಇಟ್ಕೋತೀನಿ.”

ನಾಲ್ಕು ದಿನ ಬಿಟ್ಟು ನೋಟ್‌ಬುಕ್ ತಂದ. ನಾನು ಅದನ್ನು ದೂರಕ್ಕೆ ಹಿಡಿದು ಓದುತ್ತಿದ್ದರೆ ಅವನು ನನ್ನ ಕೈಯನ್ನೇ ನೋಡುತ್ತಿದ್ದ.

“ನಿಮಗೆ ಚಾಳೀಸು ಬಂದಿದೆ.”

“ಯಾರಿಗೆ, ನನಗಾ? ನನಗಿನ್ನೂ ಮೂವತ್ತೊಂಬತ್ತು ರೀ!”

“ಒಂದು ವರ್ಷ ಮುಂಚೆನೇ ಬಂದಿದೆ ಅಷ್ಟೆ. ಬುದ್ಧಿವಂತರಿಗೆ ಬೇಗ ಬರುತ್ತೆ.”

ದೊಡ್ಡಮ್ಮ ಬಿದ್ದು ಬಿದ್ದು ನಕ್ಕರು. ನಾನು ಮುಖ ಊದಿಸಿಕೊಂಡು ಕಾರಿನ ಕೆಳಗೆ ಹೋದೆ. ಅಲ್ಲಿ ಯಾರೂ ಕಾಣದ ಕಡೆ ನಾನೂ ನಕ್ಕೆ.

ಮುಂದಿನ ವಾರ ಕನ್ನಡಕ ಮಾಡಿಕೊಂಡೇ ಬಂದ. ನನ್ನ ಎರಡೂ ಕೈ ಆಯಿಲ್ ಮಯ. “ಅಲ್ಲಾಡಬೇಡಿ,” ಎಂದು ತಾನೇ ತೊಡಿಸಿದ. ಕಿವಿಯ ಹಿಂದೆ ಅವನ ಬೆರಳು ತಗುಲಿತು. ಅದು ಅವನ ದಿನನಿತ್ಯದ ಕೆಲಸ, ದಿನಕ್ಕೆ ಮೂವತ್ತು ಕಿವಿ ಮುಟ್ಟುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಎದೆ ಕೇಳಬೇಕಲ್ಲ.

“ಈಗ ಕಾಣುತ್ತಾ?”

ಕಂಡಿತು. ಗಲ್ಲದ ಮೇಲೆ ಕ್ಷೌರ ತಪ್ಪಿದ ನಾಲ್ಕು ಕೂದಲು, ಅದರಲ್ಲಿ ಒಂದು ಬಿಳಿ.

“ಓದೋಕೆ ಕೊಟ್ಟಿದ್ದು ಮೇಡಂ, ನನ್ನ ನೋಡೋಕಲ್ಲ.”

“ನಿಮ್ಮ ಮುಖದಲ್ಲೂ ಓದೋದಿದೆ,” ಎಂದುಬಿಟ್ಟೆ. ನಾನು! ದೊಡ್ಡಮ್ಮನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಅವನು ಕಣ್ಣು ತಗ್ಗಿಸಿದ, ಆಮೇಲೆ ಮೆಲ್ಲಗೆ ಎತ್ತಿ ಮತ್ತೆ ನೋಡಿದ.

ತೊಂದರೆ ಬರುವುದು ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ ಎಂದು ನೋಟ್‌ಬುಕ್ ಹೇಳುತ್ತಿತ್ತು. ಹಾಗಾಗಿ ವಾರಕ್ಕೆರಡು ದಿನ ಮಧ್ಯಾಹ್ನ ನಾವಿಬ್ಬರೂ ರೌಂಡ್ ಹೊಡೆಯತೊಡಗಿದೆವು. ಗಾಡಿ ಬೆಣ್ಣೆಯ ಹಾಗೆ ಓಡುತ್ತಿತ್ತು. ಮಾತು ಮಾತ್ರ ಎಲ್ಲೂ ನಿಲ್ಲುತ್ತಿರಲಿಲ್ಲ. ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಒಮ್ಮೆ ಕೇಳಿದೆ. “ಒಬ್ಬನೇ,” ಎಂದ. ಆ ಒಂದು ಪದವನ್ನು ಕಟ್ಟಿಕೊಂಡು ನಾನು ಎಷ್ಟು ದೂರ ಹೋದೆ ಎಂದರೆ, ಅವನ ಅಡುಗೆಮನೆಯಲ್ಲಿ ಯಾವ ಡಬ್ಬಿ ಎಲ್ಲಿಡಬೇಕು ಎನ್ನುವ ತನಕ. ಮೂವತ್ತೊಂಬತ್ತಕ್ಕೆ ಪ್ರೀತಿ ಬಂದರೆ ಹೀಗೇ. ಬುದ್ಧಿ ಸ್ಪ್ಯಾನರ್ ಹಿಡಿದು ಪಕ್ಕಕ್ಕೆ ನಿಂತುಬಿಡುತ್ತದೆ.

ಐದನೇ ವಾರ ನೋಟ್‌ಬುಕ್ ಪೂರ್ತಿ ಓದಿದೆ. ಹನ್ನೊಂದು ಸಲ ಗಾಡಿ ಕೈಕೊಟ್ಟಿತ್ತು. ಅದರಲ್ಲಿ ಒಂಬತ್ತು ಸಂಜೆ ಏಳರ ಆಸುಪಾಸು, ನೀರಿನ ಟ್ಯಾಂಕಿನ ಹತ್ತಿರ. ಅಂಗಡಿ ಮಾರ್ಕೆಟ್ಟಿನಲ್ಲಿ, ಮನೆ ರೈಲ್ವೆ ಸ್ಟೇಷನ್ನಿನ ಹಿಂದೆ. ನಡುವೆ ನೀರಿನ ಟ್ಯಾಂಕ್ ಬರುವುದೇ ಇಲ್ಲ. ಅದೂ ಹೋಗಲಿ, ಅಂಗಡಿಯಿಂದ ಟ್ಯಾಂಕಿಗೆ ಹತ್ತು ನಿಮಿಷದ ದಾರಿ. ‘ಇಂಜಿನ್ ಓಡಿದ್ದು ನಲವತ್ತು ನಿಮಿಷ’ ಎಂದು ಒಂಬತ್ತು ಕಡೆಯೂ ಬರೆದಿದ್ದ. ಸುಳ್ಳು ಬರೆಯಬೇಡಿ ಎಂದಿದ್ದೆನಲ್ಲ, ಪಾಪ, ಬರೆದಿರಲಿಲ್ಲ.

“ಇವತ್ತು ಸಂಜೆ ನೀವು ದಿನಾ ಹೋಗೋ ಹಾಗೇ ಹೋಗಿ. ನಾನು ಪಕ್ಕದಲ್ಲಿ ಕೂತಿರ್ತೀನಿ.”

“ಬೇಡ ಅಂದ್ರೆ?”

“ಗಾಡಿ ರಿಪೇರಿಯಾಗಲ್ಲ.”

ಟ್ಯಾಂಕಿನ ಹಿಂದಿನ ಬೀದಿಯಲ್ಲಿ ಒಂದು ಎರಡಂತಸ್ತಿನ ಮನೆಯ ಎದುರು ನಿಲ್ಲಿಸಿದ. ಇಂಜಿನ್ ಆರಿಸಲಿಲ್ಲ. ಗೇರ್ ಡಿಯಲ್ಲೇ, ಅಂದರೆ ಗಾಡಿ ಮುಂದೆ ಓಡುವ ಗೇರಿನಲ್ಲೇ ಇತ್ತು, ಕಾಲು ಬ್ರೇಕಿನ ಮೇಲೆ. ಐದು ನಿಮಿಷ, ಹತ್ತು ನಿಮಿಷ. ಮೇಲಿನ ಬಾಲ್ಕನಿಗೆ ಒಬ್ಬ ಹೆಂಗಸು ಬಂದು ಒಣಗಿದ ಬಟ್ಟೆಗಳನ್ನು ಒಂದೊಂದಾಗಿ ತೆಗೆದುಕೊಂಡು ಒಳಗೆ ಹೋದಳು. ಅವನು ಆ ಬಾಲ್ಕನಿಯನ್ನು ನೋಡಿದ ರೀತಿಯಲ್ಲಿ ಯಾರೂ ನನ್ನನ್ನು ನೋಡಿಲ್ಲ. ಅವನು ಬಾಯಿ ಬಿಡುವ ಮೊದಲೇ ನನಗೆ ತಿಳಿದುಹೋಯಿತು.

“ನನ್ನ ಹೆಂಡತಿ. ಅವಳಣ್ಣನ ಮನೆ ಇದು. ಹದಿನಾಲ್ಕು ತಿಂಗಳಾಯ್ತು.”

“ಒಬ್ಬನೇ ಅಂದ್ರಿ.”

“ಒಬ್ಬನೇ ತಾನೇ ಇರೋದು?”

“ಯಾಕೆ ಬಿಟ್ಟುಹೋದ್ರು?”

“ನಾನು ಮಾತಾಡಲ್ಲ ಅಂತ. ಗೋಡೆ ಜೊತೆ ಸಂಸಾರ ಮಾಡಿದ ಹಾಗಿದೆ ಅಂದ್ಳು.”

“ನನ್ನ ಜೊತೆ ಗಂಟೆಗಟ್ಟಲೆ ಹರಟ್ತೀರಲ್ಲ!”

“ನಿಮ್ಮ ಹತ್ತಿರ ಸುಲಭ,” ಎಂದ. “ಭಯ ಇಲ್ಲ.”

ಆ ಮಾತಿಗಿಂತ ಕಪಾಳಕ್ಕೆ ಹೊಡೆದಿದ್ದರೆ ವಾಸಿಯಿತ್ತು. ಏನಾದರೂ ಕೇಳಬೇಕಲ್ಲ ಎಂದು, “ಗಾಡೀನ ಡಿಯಲ್ಲೇ ಯಾಕಿಟ್ಟಿದ್ದೀರಿ?” ಎಂದೆ.

“ಅವಳಣ್ಣ ಹೊರಗೆ ಬಂದ್ರೆ ತಕ್ಷಣ ಹೊರಡಬಹುದಲ್ಲ ಅಂತ.”

ನಗು ಬಂತು. ಅಳು ಬರಬೇಕಾದ ಕಡೆ ನಗು ಬಂತು. ಅರ್ಧ ಗಂಟೆ ಕೂತಿದ್ದು ಹೊರಟೆವು. ಟ್ಯಾಂಕ್ ದಾಟುತ್ತಿದ್ದಂತೆ ಇಂಜಿನ್ ಕಿರುಚಿತು, ಗಾಡಿ ಜಾರಿತು. ಐದು ವಾರದಿಂದ ಹುಡುಕಿದ್ದು ಕೊನೆಗೂ ಸಿಕ್ಕಿತು. ನನಗೆ ಬೇಡವಾಗಿತ್ತು.

ವಿಷಯ ಇಷ್ಟೇ. ಗೇರ್ ಆಯಿಲ್ ತಣ್ಣಗಾಗಲು ಹೋಗುವ ಪೈಪು ಅರ್ಧ ಕಟ್ಟಿಕೊಂಡಿತ್ತು. ಡಿಯಲ್ಲಿಟ್ಟು ಬ್ರೇಕ್ ಒತ್ತಿ ಅರ್ಧ ಗಂಟೆ ನಿಂತರೆ ಆಯಿಲ್ ಕಾಯದೆ ಇರುತ್ತದೆಯೇ? ಆ ಬಿಸಿಗೆ ಗೇರ್‌ಬಾಕ್ಸಿನೊಳಗಿನ ಒಂದು ವೈರಿನ ಪ್ಲಗ್ಗು ಸಡಿಲವಾಗುತ್ತಿತ್ತು, ಆರಿದ ಮೇಲೆ ತಾನೇ ಕಚ್ಚಿಕೊಳ್ಳುತ್ತಿತ್ತು.

ಗಾಡಿ ಎರಡು ದಿನ ನನ್ನ ಹತ್ತಿರ ಇತ್ತು. ಪೈಪು, ಪ್ಲಗ್ಗು ಬದಲಾಯಿಸಿದೆ. “ಕಾಯಿಲೆ ಸಿಕ್ಕಿದ್ರೂ ಮುಖ ಯಾಕೆ ಹರಳೆಣ್ಣೆ ಕುಡಿದ ಹಾಗಿದೆ?” ಎಂದರು ದೊಡ್ಡಮ್ಮ. ಎಲ್ಲ ಹೇಳಿದೆ.

“ಬಾಯಿ ಮುಚ್ಕೊಂಡು ಗಾಡಿ ಕೊಟ್ಟು ಕಳ್ಸು ಕಣೇ. ನಿಂತ್ಕೊಳ್ಳೋನು ಅಲ್ಲಿ ನಿಂತ್ಕೊಳ್ಲಿ, ಮಾತಾಡೋಕೆ ಇಲ್ಲಿಗೆ ಬರ್ತಾನಲ್ಲ. ಒಂದಲ್ಲ ಒಂದಿನ ಆ ಬೀದಿ ಬೇಜಾರಾಗುತ್ತೆ.”

ಸುಳ್ಳಲ್ಲ. ಸುಮ್ಮನಿದ್ದರೆ ಅವನು ಅರ್ಧವಾದರೂ ನನಗೆ ಉಳಿಯುತ್ತಿದ್ದ. ಆ ಅರ್ಧ ನನಗೆ ತುಂಬ ಬೇಕಾಗಿತ್ತು.

ಅವನು ಬಂದಾಗ ಕೀಲಿಯನ್ನು ಕೈಯಲ್ಲೇ ಇಟ್ಟುಕೊಂಡು ಹೇಳಿದೆ. “ರಿಪೇರಿ ಆಗಿದೆ. ಆದ್ರೆ ಡಿಯಲ್ಲಿಟ್ಟು ಬ್ರೇಕ್ ಒತ್ಕೊಂಡು ನಿಂತ್ರೆ ಯಾವ ಗೇರ್‌ಬಾಕ್ಸೂ ಉಳಿಯಲ್ಲ. ಒಂದೋ ಗೇರನ್ನ ಪಾರ್ಕಿಗೆ ಹಾಕಿ, ಇಳಿದು ಹೋಗಿ ಬಾಗಿಲು ತಟ್ಟಿ. ಇಲ್ಲಾ ಆ ಬೀದಿ ಬಿಡಿ. ಅವರಿಗೆ ಗೋಡೆ ಬೇಡ ಅಂದ್ರೆ, ನೀವು ಹದಿನಾಲ್ಕು ತಿಂಗಳಿಂದ ಗೋಡೆ ಹೊರಗೆ ನಿಂತಿದ್ದೀರಲ್ರೀ!”

ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. “ತಟ್ಟಿದ್ರೂ ತೆಗೀದೇ ಇದ್ರೆ?”

“ತೆಗೀದೇ ಇದ್ರೆ ಇಲ್ಲಿಗೆ ಬನ್ನಿ. ನಾನಿದ್ದೀನಿ. ಆದ್ರೆ ತಟ್ಟದೇ ಬರಬೇಡಿ.”

ಹೇಳಿಬಿಟ್ಟಿದ್ದೆ. ಅವನಿಗೂ ಅರ್ಥವಾಯಿತು. ಕಿವಿಯ ತುದಿ ಕೆಂಪಾಯಿತು. ಕೀಲಿ ತೆಗೆದುಕೊಂಡ.

ಎಂಟು ದಿನ ರಸ್ತೆಯಲ್ಲಿ ಯಾವ ಗಾಡಿ ಸದ್ದಾದರೂ ತಲೆ ಎತ್ತಿದೆ. ಅವಳು ಬಾಗಿಲು ತೆಗೆಯದಿರಲಿ ಎಂದು ಬೇಡಿಕೊಂಡೆ, ಬೇಡಿಕೊಂಡಿದ್ದಕ್ಕೆ ನನ್ನನ್ನೇ ಬೈದುಕೊಂಡೆ. ಒಂಬತ್ತನೇ ದಿನ ಮಧ್ಯಾಹ್ನ ಆ ಗಾಡಿ ಬಂತು. ಗಾಜಿನ ಹಿಂದೆ ಎರಡು ತಲೆ ಕಂಡವು.

ಬಾಲ್ಕನಿಯ ಹೆಂಗಸು ಇಳಿದು ನೇರವಾಗಿ ಬಂದು ನನ್ನ ಮಸಿ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. “ನೀವೇ ಬೈದು ಕಳ್ಸಿದ್ದಂತೆ. ದಿನಾ ಒಳಗಿಂದ ನೋಡ್ತಾನೇ ಇದ್ದೆ, ಇವತ್ತಾದ್ರೂ ಇಳೀತಾರಾ ಅಂತ. ನಾನೂ ಇಳಿದು ಹೋಗ್ಲಿಲ್ಲ, ಹಟ.” ಅವಳ ಕಣ್ಣು ತುಂಬಿತ್ತು. ಅವಳನ್ನು ದ್ವೇಷಿಸಲು ಎಂಟು ದಿನದಿಂದ ತಯಾರಿ ನಡೆಸಿದ್ದೆ, ಅದೂ ಆಗಲಿಲ್ಲ.

ಅವನು ನನ್ನ ಕಡೆ ನೋಡದೆ, ಹೆಂಡತಿಗೆ ಹೇಳಿದ. “ಇವರು ನನಗೆ ಸ್ವಂತ ತಂಗಿ ಇದ್ದ ಹಾಗೆ ಕಣೇ.”

ತಂಗಿ. ‘ನಾನಿದ್ದೀನಿ’ ಎಂದಿದ್ದಕ್ಕೆ ಅವನು ಕೊಟ್ಟ ಉತ್ತರ ಅದು. ಮೈಯೆಲ್ಲ ಉರಿಯಿತು. ಸ್ಪ್ಯಾನರ್ ಕೈಯಲ್ಲಿಯೇ ಇತ್ತು. ಆದರೆ ಕೊನೆಗೂ ಬಾಗಿಲು ತಟ್ಟಿದವನನ್ನು ನಾನೇ ಹೇಗೆ ಆ ಬೀದಿಗೆ ವಾಪಸ್ ಕಳಿಸಲಿ?

“ಎಲ್ಲಿ ನಿಲ್ಲಿಸಿದ್ರೂ ಪಾರ್ಕಿಗೆ ಹಾಕಿಸಿ ಅತ್ತಿಗೆ,” ಎಂದೆ. “ಅಣ್ಣನಿಗೆ ಮರೆವು.”

ಅವನು ಆಗ ತಲೆ ಎತ್ತಿ ನನ್ನನ್ನು ನೋಡಿದ. ನಾನು ನಕ್ಕು ಬಾನೆಟ್ ತಟ್ಟಿ ದಾರಿ ಬಿಟ್ಟೆ.

ಗಾಡಿ ಹೊರಟಿತು. ಮೊದಲನೇ ಗೇರು, ಎರಡನೇ ಗೇರು. ದೊಡ್ಡಮ್ಮ ಎದ್ದು ಬಂದು ನನ್ನ ಬೆನ್ನ ಮೇಲೆ ಕೈ ಇಟ್ಟರು.

“ಕೇಳಿದ್ರಾ ದೊಡ್ಡಮ್ಮ? ಮೂರನೇ ಗೇರಿಗೆ ಬಿದ್ದಿದ್ದೇ ಗೊತ್ತಾಗ್ಲಿಲ್ಲ. ಎಷ್ಟು ಚೆನ್ನಾಗಿ ಮಾಡಿದ್ದೀನಿ ನೋಡಿ,” ಎನ್ನುತ್ತ ಅವರ ಹೆಗಲಿಗೆ ಮುಖ ಒತ್ತಿ ಅತ್ತೆ.