ಬಿಳಿ ಸೈಕಲ್ ಕಟ್ಟಿದ ಬಾದಾಮಿ ಮರ

"ರೀ, ಇದಕ್ಕೆ ಬ್ರೇಕೇ ಇಲ್ವಲ್ರೀ!"

ಸೈಕಲ್ ಅಂಗಡಿಯ ಮಿರ್ನಾಳ ಕೈಯಲ್ಲಿದ್ದ ಗಾಳಿ ಪಂಪು ಕೆಳಗೆ ಬಿತ್ತು. ಸೈಕಲ್ ಬಾಡಿಗೆಗೆ ಕೇಳಿದವನು ಹೆರ್ನಾನ್, ರಾಜಧಾನಿ ಸಾನ್ ಹೊಸೆಯಿಂದ ಬಂದವನು. ಹೊಸಬರೆಲ್ಲ ಕೇಳುವ ಪ್ರಶ್ನೆಯೇ. ಆದರೂ ಅವಳು ಓಡಿಬಂದು ಹ್ಯಾಂಡಲ್ ಹಿಡಿದಳು.

"ಇದೆ! ಪೆಡಲ್‌ನಲ್ಲೇ ಇದೆ. ಹಿಂದಕ್ಕೆ ತುಳೀರಿ, ನಿಲ್ಲುತ್ತೆ. ಎಲ್ಲಿ, ತುಳಿದು ತೋರ್ಸಿ... ಇನ್ನೊಂದ್ಸಲ... ಇನ್ನೂ ಒಂದ್ಸಲ!"

"ಅಬ್ಬಬ್ಬಾ, ಪರೀಕ್ಷೆ ಬೇರೆ ಇದ್ಯಾ ಟೀಚರಮ್ಮ?"

ಉಪ್ಪುಗಾಳಿಗೆ ಬ್ರೇಕ್ ತಂತಿ ಬೇಗ ತುಕ್ಕು ಹಿಡಿಯುವ ಈ ಕೆರಿಬಿಯನ್ ತೀರದಲ್ಲಿ ಬಾಡಿಗೆ ಸೈಕಲ್‌ಗಳೆಲ್ಲ ಹೀಗೆಯೇ. ಇಲ್ಲಿನ ಮಕ್ಕಳಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ನಮಗೆ ಗೊತ್ತಿರುವುದು ಲೋಕಕ್ಕೆಲ್ಲ ಗೊತ್ತು ಅಂದುಕೊಳ್ಳುವ ದಡ್ಡರು ನಾವು!

ಹೆರ್ನಾನ್ ಒಂದು ವಾರ ದಿನಾ ಬಂದ. ಮಂಜನಿಯೊ ರಸ್ತೆಯಲ್ಲಿ ಒಬ್ಬನೇ ಹೋಗಿ, ಸಂಜೆ ಅತ್ತು ಕೆಂಪಾದ ಕಣ್ಣಲ್ಲಿ ಮರಳುತ್ತಿದ್ದ. ಮಿರ್ನಾ ಏನೂ ಕೇಳದೆ ತೆಂಗಿನ ಹಾಲಲ್ಲಿ ಬೇಯಿಸಿದ ಅನ್ನ-ಕಾಳು ಬಡಿಸುತ್ತಿದ್ದಳು. ಏಳನೆಯ ದಿನ "ನೀವೂ ಬನ್ನಿ" ಎಂದ. ಇವನನ್ನು ಬಿಟ್ಟಿರಲಾರೆ ಎಂದು ಅವಳಿಗೆ ಆಗಲೇ ಗೊತ್ತಾಗಿಬಿಟ್ಟಿತ್ತು.

ಅವನು ನಿಂತದ್ದು ಇಳಿಜಾರಿನ ಬುಡದ ಕಾಡುಬಾದಾಮಿ ಮರದ ಬಳಿ. ಮರಕ್ಕೆ ಬಿಳಿ ಬಣ್ಣ ಬಳಿದ ಸೈಕಲ್ ಕಟ್ಟಿತ್ತು. ಸವಾರರು ಸತ್ತ ಜಾಗದಲ್ಲಿ ಹಾಗೆ ಕಟ್ಟುವುದು ನಮ್ಮಲ್ಲಿ ವಾಡಿಕೆ.

"ಲಿದಿಯೆತ್... ನನ್ನ ತಂಗಿ," ಎಂದ.

ಅಯ್ಯೋ ದೇವರೇ! ಮಿರ್ನಾ ಮರ ಹಿಡಿದು ನಿಂತಳು.

"ನಿಮ್ಮ ಅಂಗಡಿ ಸೈಕಲ್ಲೇ. ನಿಲ್ಸೋಕಾಗ್ದೆ ಲಾರಿಗೆ ಸಿಕ್ಕಿದ್ಲು. ನೀವು ಎಲ್ರಿಗೂ ಇಷ್ಟೊಂದು ಹೇಳಿಕೊಡ್ತೀರಿ, ಅವಳಿಗೂ ಹೇಳಿರ್ತೀರಿ. ತಪ್ಪು ನಂದೇ. ಗಾಬರಿಯಾದ್ರೆ ಹ್ಯಾಂಡಲ್ ಬ್ರೇಕ್ ಬಿಗಿಹಿಡಿ ಅಂತ ಚಿಕ್ಕಂದಿನಲ್ಲಿ ಕಲಿಸಿದವನು ನಾನು. ಅಮ್ಮ ನಾಲ್ಕು ತಿಂಗಳಿಂದ ನನ್ನ ಜೊತೆ ಮಾತೇ ಆಡಿಲ್ಲ."

ಸುಮ್ಮನಿದ್ದುಬಿಡಲೇ? ಸುಮ್ಮನಿದ್ದರೆ ಇವನು ನನ್ನವನು... ಆದರೆ ತಂಗಿಯನ್ನು ಕೊಂದವನು ತಾನೇ ಎಂದು ಸಾಯುವವರೆಗೂ ಕೊರಗುತ್ತಾನೆ!

"ನಾನು ಹೇಳಿರ್ಲಿಲ್ಲ," ಎಂದಳು ಮಿರ್ನಾ. "ಬ್ರೇಕ್ ಎಲ್ಲಿ ಅಂತ ಕೇಳಿದ್ಲು ಕಣ್ರೀ... ಅಂಗಡಿ ತುಂಬ ಜನ. 'ಹೋಗ್ತಾ ಗೊತ್ತಾಗುತ್ತೆ ಹೋಗಮ್ಮ' ಅಂತ ನಕ್ಕುಬಿಟ್ಟೆ. ಪೊಲೀಸ್ರು ಬಂದಾಗ್ಲೂ ಬಾಯಿ ಬಿಡ್ಲಿಲ್ಲ. ಹೆದರಿದ್ದೆ."

ಅವನು ಮಣ್ಣಲ್ಲಿ ಕುಸಿದು ಕೂತ.

"ಇಲ್ಲಿಂದ ಹೋಗು."

"ಹೋಗಲ್ಲ. ಬೈರಿ, ಉಗೀರಿ... ಕ್ಷಮಿಸೋದೇನೂ ಬೇಡ. ನಿಮ್ಮನ್ನ ಪ್ರೀತಿಸ್ತೀನಿ, ಅದಕ್ಕೇ ಹೇಳಿದ್ದು. ತಪ್ಪು ನಿಮ್ದಲ್ಲ, ನಂದು!"

ಹೆರ್ನಾನ್ ಬಿಕ್ಕಿ ಬಿಕ್ಕಿ ಅತ್ತ. ಅವಳು ಮುಟ್ಟಲು ಧೈರ್ಯವಾಗದೆ ಎರಡು ಮಾರು ದೂರದಲ್ಲಿ ಕೂತು ಅತ್ತಳು. ಬಿಸಿಲು ಇಳಿಯಿತು.

"ಅಮ್ಮನ ಹತ್ರ ಬರ್ತೀಯಾ?" ಕೊನೆಗೆ ಕೇಳಿದ. "ಇದನ್ನ ನಿನ್ನ ಬಾಯಿಂದಲೇ ಅವಳು ಕೇಳ್ಬೇಕು."

"ಬರ್ತೀನಿ... ಅವರು ಹೊಡೆದ್ರೆ?"

"ಹೊಡೀಲಿ."

ಎದ್ದು ಬಂದು ಅವಳ ಕೈ ಹಿಡಿದ.

"ಪಕ್ಕದಲ್ಲಿ ನಾನಿರ್ತೀನಿ."